ಗೊತ್ತಿಲ್ಲದ ಪ್ರೋಗ್ರಾಮಿಗೆ ಕಡಿವಾಣ: ವಿಂಡೋಸ್ ಡಿಫೆಂಡರ್ ಅನ್ನು ಸರಿಯಾಗಿ ಹೊಂದಿಸಿಕೊಳ್ಳುವ ಬಗೆ

ಆ್ಯಂಟಿವೈರಸ್ ಎಂದರೆ ವೈರಸ್ಸುಗಳ ಪಟ್ಟಿ ಇಟ್ಟುಕೊಂಡು, ಪ್ರತಿ ಫೈಲನ್ನೂ ಅದಕ್ಕೆ ತಾಳೆ ಹಾಕಿ ನೋಡುವ ಸಾಫ್ಟ್‌ವೇರ್ ಎಂದೇ ಬಹಳ ಜನ ತಿಳಿದಿದ್ದಾರೆ. ಆ ಕೆಲಸವನ್ನು ಅದು ಈಗಲೂ ಮಾಡುತ್ತದೆ. ಆದರೆ ಇವತ್ತು ಬೆಳಿಗ್ಗೆ ಯಾರೋ ಹೊಸದಾಗಿ ಕಟ್ಟಿ ಬಿಟ್ಟ ಮಾಲ್‌ವೇರ್ (ಕೇಡು ಮಾಡುವ ಪ್ರೋಗ್ರಾಮ್) ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅದಕ್ಕೇ ಈಗಿನ ಆ್ಯಂಟಿವೈರಸ್ಸುಗಳು ಇನ್ನೊಂದು ದಾರಿಯನ್ನೂ ಹಿಡಿದಿವೆ: ಪ್ರೋಗ್ರಾಮ್ ಒಳ್ಳೆಯದೋ ಕೆಟ್ಟದ್ದೋ ತೀರ್ಮಾನವಾಗುವ ತನಕ ಅದರ ಕೈಗೆ ಏನೂ ಸಿಗದಂತೆ ನೋಡಿಕೊಳ್ಳುವುದು. ವಿಂಡೋಸ್ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್‌ನಲ್ಲಿ ಇದಕ್ಕೆ ಬೇಕಾದ ಸೌಲಭ್ಯಗಳೆಲ್ಲ ಪುಕ್ಕಟೆಯಾಗಿಯೇ ಇವೆ. ಅವುಗಳಲ್ಲಿ ಅತಿ ಮುಖ್ಯವಾದದ್ದು ಮಾತ್ರ ತಾನಾಗಿ ಆನ್ ಆಗಿರುವುದಿಲ್ಲ.

ಇಲ್ಲಿ ಹೇಳಿರುವುದು ವಿಂಡೋಸ್ 10 ಮತ್ತು 11 ಎರಡಕ್ಕೂ ಅನ್ವಯಿಸುತ್ತದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಸ್ತರಿತ ಭದ್ರತಾ ಅಪ್‌ಡೇಟಿಗೆ ಸೇರಿಕೊಳ್ಳದ ಕಂಪ್ಯೂಟರಿನಲ್ಲಿ ಈ ಸೆಟ್ಟಿಂಗುಗಳು ಕೆಲಸ ಮಾಡಿದರೂ ಅಡಿಪಾಯದಲ್ಲಿ ಬಿರುಕು ಉಳಿದೇ ಇರುತ್ತದೆ.

ಡಬಲ್ ಕ್ಲಿಕ್ ಆದಾಗ ಒಳಗೆ ನಡೆಯುವುದು

ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಯಾವುದರಿಂದ ಫೈಲ್ ಇಳಿಸಿಕೊಂಡರೂ ಬ್ರೌಸರ್ ಅದರ ಬೆನ್ನಿಗೆ ಕಣ್ಣಿಗೆ ಕಾಣದ ಒಂದು ಗುರುತು ಅಂಟಿಸುತ್ತದೆ. ಅದರ ಹೆಸರು ಮಾರ್ಕ್ ಆಫ್ ದಿ ವೆಬ್. ಫೈಲ್ ಯಾವ ವಲಯದಿಂದ ಬಂತು ಎಂಬ ಸಂಖ್ಯೆ ಅದರಲ್ಲಿರುತ್ತದೆ. 3 ಇದ್ದರೆ ಇಂಟರ್‌ನೆಟ್ಟಿನಿಂದ ಬಂದದ್ದು ಎಂದರ್ಥ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದಾಗ ಕೆಳಗೆ "ಅನ್‌ಬ್ಲಾಕ್" ಎಂಬ ಚೌಕ ಕಂಡರೆ ಗುರುತು ಇದೆ ಎಂದೇ ತಿಳಿಯಿರಿ.

ಗುರುತಿರುವ ಪ್ರೋಗ್ರಾಮನ್ನು ತೆರೆದರೆ ವಿಂಡೋಸ್‌ನದೇ ಕಾವಲು ಸೌಲಭ್ಯವಾದ ಸ್ಮಾರ್ಟ್‌ಸ್ಕ್ರೀನ್ ಅದರ ಹೆಸರುವಾಸಿಯನ್ನು ವಿಚಾರಿಸುತ್ತದೆ: ಇದೇ ಫೈಲನ್ನು ಬೇರೆಯವರು ಬಳಸಿದ್ದಾರೆಯೇ, ತಯಾರಕರ ಡಿಜಿಟಲ್ ಸಹಿ ಇದೆಯೇ, ಆ ಸಹಿಗೆ ಒಳ್ಳೆಯ ಹೆಸರಿದೆಯೇ. ಉತ್ತರ ಸಿಗದಿದ್ದರೆ "ವಿಂಡೋಸ್ ಪ್ರೊಟೆಕ್ಟೆಡ್ ಯುವರ್ ಪಿಸಿ" ಎಂಬ ನೀಲಿ ಕಿಟಕಿ ಬರುತ್ತದೆ. ಈ ಕಿಟಕಿ ಹೇಳುವುದು "ಇದರ ಪರಿಚಯ ನನಗಿಲ್ಲ" ಎಂದು ಮಾತ್ರ. "ಥ್ರೆಟ್ಸ್ ಫೌಂಡ್" ಎಂಬ ಸೂಚನೆ ಬೇರೆಯೇ ಸಂಗತಿ. ಅದು ಬಂದರೆ ಡಿಫೆಂಡರ್ ಆ ಫೈಲಿನಲ್ಲಿ ಕೆಟ್ಟದ್ದನ್ನು ಕಂಡಿದೆ. ಮೊದಲನೆಯದು ಬಂದಾಗ ವಿಚಾರಿಸಿ ಮುಂದುವರಿಯಬಹುದು. ಎರಡನೆಯದು ಬಂದಾಗ ಅಲ್ಲಿಗೇ ನಿಲ್ಲಿಸಬೇಕು.

ಇದಾದ ಮೇಲೆ ಡಿಫೆಂಡರ್‌ನ ರಿಯಲ್ ಟೈಮ್ ಪರೀಕ್ಷೆ. ಫೈಲ್ ಅನುಮಾನಾಸ್ಪದವಾಗಿದ್ದು ಹಿಂದೆಂದೂ ಕಂಡದ್ದಲ್ಲವಾದರೆ, ಅದನ್ನು ಓಡಲು ಬಿಡದೆ ಸುಮಾರು 10 ಸೆಕೆಂಡುಗಳವರೆಗೆ ಹಿಡಿದಿಟ್ಟು ಮೈಕ್ರೋಸಾಫ್ಟ್ ಸರ್ವರ್‌ನಿಂದ ಅಭಿಪ್ರಾಯ ಕೇಳುತ್ತದೆ. ನೆಟ್ ಇಲ್ಲದ ಹೊತ್ತಿನಲ್ಲಿ ಈ ಪದರವೇ ಇರುವುದಿಲ್ಲ. ಅಪರಿಚಿತ ಇನ್‌ಸ್ಟಾಲರನ್ನು ಆಫ್‌ಲೈನ್ ಇದ್ದಾಗ ಓಡಿಸಬಾರದು ಎನ್ನುವುದಕ್ಕೆ ಕಾರಣ ಇದು.

ಗುರುತು ಕಳೆದುಹೋಗುವ ದಾರಿಗಳು ಗೊತ್ತಿರಲೇಬೇಕು. ಅದು ಎನ್‌ಟಿಎಫ್‌ಎಸ್ ಎಂಬ ವ್ಯವಸ್ಥೆಯಲ್ಲಿ ಫಾರ್ಮ್ಯಾಟ್ ಆದ ಡಿಸ್ಕಿನಲ್ಲಿ ಮಾತ್ರ ಉಳಿಯುತ್ತದೆ. ಪೆನ್‌ಡ್ರೈವುಗಳು ಹೆಚ್ಚಾಗಿ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಆಗಿರುತ್ತವೆ. ಅದಕ್ಕೆ ಕಾಪಿ ಮಾಡಿದ ಕ್ಷಣ ಗುರುತು ಮಾಯ. ಜೆರಾಕ್ಸ್ ಅಂಗಡಿಯಿಂದ, ಗೆಳೆಯರಿಂದ ಪೆನ್‌ಡ್ರೈವ್‌ನಲ್ಲಿ ತಂದ ಇನ್‌ಸ್ಟಾಲರ್ ತೆರೆದಾಗ ನೀಲಿ ಕಿಟಕಿ ಬರದಿದ್ದರೆ ಅದು ಸುರಕ್ಷಿತ ಎಂದಲ್ಲ, ಸ್ಮಾರ್ಟ್‌ಸ್ಕ್ರೀನ್ ವಿಚಾರಿಸಲೇ ಇಲ್ಲ ಎಂದು. ಅಂಥ ಫೈಲನ್ನು ರೈಟ್ ಕ್ಲಿಕ್ ಮಾಡಿ "ಸ್ಕ್ಯಾನ್ ವಿತ್ ಮೈಕ್ರೋಸಾಫ್ಟ್ ಡಿಫೆಂಡರ್" ಕೊಟ್ಟೇ ತೆರೆಯಿರಿ. ಜಿಪ್ ಬಿಚ್ಚುವಾಗಲೂ ಇದೇ ತೊಂದರೆ ಇದೆ. ವಿಂಡೋಸ್‌ನದೇ "ಎಕ್ಸ್‌ಟ್ರ್ಯಾಕ್ಟ್ ಆಲ್" ಗುರುತನ್ನು ಒಳಗಿನ ಫೈಲುಗಳಿಗೂ ದಾಟಿಸುತ್ತದೆ. 7-ಜಿಪ್‌ಗೆ ಈ ಸಾಮರ್ಥ್ಯ ಬಂದದ್ದು 2022ರ 22.00 ಆವೃತ್ತಿಯಲ್ಲಿ, ಅದೂ ಆಫ್ ಆಗಿಯೇ ಇರುತ್ತದೆ. ಅದರ ಆಪ್ಷನ್ಸ್‌ನಲ್ಲಿ ಜೋನ್ ಐಡಿ (ಇದೇ ಗುರುತು) ದಾಟಿಸುವ ಆಯ್ಕೆಯನ್ನು ನಾವೇ ಆನ್ ಮಾಡಬೇಕು. ಪಾಸ್‌ವರ್ಡ್ ಹಾಕಿದ ಜಿಪ್ ಬಿಚ್ಚುವವರೆಗೆ ಅದರೊಳಗೆ ಏನಿದೆಯೆಂದು ಯಾವ ಆ್ಯಂಟಿವೈರಸ್ಸಿಗೂ ಕಾಣದು. ಇಮೇಲಿನಲ್ಲಿ ಜಿಪ್ ಬಂದು, ಪಾಸ್‌ವರ್ಡ್ 1234 ಎಂದು ಅದೇ ಇಮೇಲಿನಲ್ಲಿ ಬರೆದಿದ್ದರೆ, ಆ ಪಾಸ್‌ವರ್ಡ್ ಇರುವುದು ಬೇರೆಯವರಿಂದ ಗುಟ್ಟು ಕಾಯಲು ಅಲ್ಲ, ಆ್ಯಂಟಿವೈರಸ್ಸಿನ ಕಣ್ಣು ಕಟ್ಟಲು.

ಮೊದಲು ಈ ಸ್ವಿಚ್ಚುಗಳನ್ನು ನೋಡಿ

ಸ್ಟಾರ್ಟ್ ಮೆನುವಿನಲ್ಲಿ ವಿಂಡೋಸ್ ಸೆಕ್ಯೂರಿಟಿ ಎಂದು ಹುಡುಕಿ ತೆರೆಯಿರಿ. "ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್" ಒಳಗೆ "ಮ್ಯಾನೇಜ್ ಸೆಟ್ಟಿಂಗ್ಸ್" ಒತ್ತಿ. ರಿಯಲ್ ಟೈಮ್ ಪ್ರೊಟೆಕ್ಷನ್, ಕ್ಲೌಡ್ ಡೆಲಿವರ್ಡ್ ಪ್ರೊಟೆಕ್ಷನ್, ಆಟೋಮ್ಯಾಟಿಕ್ ಸ್ಯಾಂಪಲ್ ಸಬ್‌ಮಿಷನ್, ಟ್ಯಾಂಪರ್ ಪ್ರೊಟೆಕ್ಷನ್ ನಾಲ್ಕೂ ಆನ್ ಇರಬೇಕು. ಟ್ಯಾಂಪರ್ ಪ್ರೊಟೆಕ್ಷನ್ ಇಲ್ಲದಿದ್ದರೆ ಅಡ್ಮಿನ್ ಅಧಿಕಾರ ಸಿಕ್ಕ ಮಾಲ್‌ವೇರ್ ಮೊದಲು ಮಾಡುವ ಕೆಲಸ ಡಿಫೆಂಡರ್‌ನ ಬಾಯಿ ಮುಚ್ಚಿಸುವುದು.

ಅದೇ ಪುಟದ ತಳದಲ್ಲಿ "ಎಕ್ಸ್‌ಕ್ಲೂಷನ್ಸ್" ಇದೆ. ಇದನ್ನು ತೆರೆದು ನೋಡುವವರು ಕಡಿಮೆ, ನೋಡಲೇಬೇಕಾದ ಜಾಗ ಇದು. ಇಲ್ಲಿ ಹಾಕಿದ ಫೋಲ್ಡರನ್ನು ಡಿಫೆಂಡರ್ ಸ್ಕ್ಯಾನ್ ಮಾಡುವುದಿಲ್ಲ. ಯಾವುದೋ ಸಾಫ್ಟ್‌ವೇರ್ ಹಾಕಿಕೊಟ್ಟವರು ಇಡೀ ಸಿ ಡ್ರೈವನ್ನೋ ಡೌನ್‌ಲೋಡ್ಸ್ ಫೋಲ್ಡರನ್ನೋ ಸೇರಿಸಿ ಹೋಗಿರಬಹುದು. ಮಾಲ್‌ವೇರ್ ಕೂಡ ತನ್ನ ಜಾಗವನ್ನು ಇಲ್ಲಿ ಸೇರಿಸಿಕೊಳ್ಳುತ್ತದೆ. ಯಾಕೆ ಇದೆ ಎಂದು ನೀವು ಹೇಳಲಾರದ ಪ್ರತಿಯೊಂದನ್ನೂ ತೆಗೆದುಹಾಕಿ.

ಇನ್ನು "ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್" ಒಳಗಿನ "ರೆಪ್ಯುಟೇಷನ್ ಬೇಸ್ಡ್ ಪ್ರೊಟೆಕ್ಷನ್ ಸೆಟ್ಟಿಂಗ್ಸ್". ಇಲ್ಲಿರುವ ಎಲ್ಲವೂ ಆನ್ ಇರಲಿ. "ಪೊಟೆನ್ಷಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್" ಕೆಳಗಿನ ಎರಡು ಚೌಕಗಳಿಗೂ ಟಿಕ್ ಬಿದ್ದಿರಲಿ.

ಕ್ವಿಕ್ ಹೀಲ್, ಕೆ7 ಅಥವಾ ಬೇರೆ ಆ್ಯಂಟಿವೈರಸ್ ಹಾಕಿದ್ದರೆ ಡಿಫೆಂಡರ್ ಪಕ್ಕಕ್ಕೆ ಸರಿಯುತ್ತದೆ, ಮುಂದೆ ಹೇಳುವ ಫೋಲ್ಡರ್ ರಕ್ಷಣೆಯೂ ಸಿಗುವುದಿಲ್ಲ. ಆಗ ಆ ಸಾಫ್ಟ್‌ವೇರಿನಲ್ಲೇ ಇಂಥದ್ದೇನಿದೆ ಎಂದು ಹುಡುಕಬೇಕು. ಎರಡು ಆ್ಯಂಟಿವೈರಸ್ ಒಟ್ಟಿಗೆ ಓಡಿಸಿದರೆ ರಕ್ಷಣೆ ಎರಡು ಪಟ್ಟಾಗುವುದಿಲ್ಲ, ಕಂಪ್ಯೂಟರ್ ನಿಧಾನವಾಗುತ್ತದೆ ಅಷ್ಟೇ. ಟ್ರಯಲ್ ಅವಧಿ ಮುಗಿದು ಅಪ್‌ಡೇಟ್ ನಿಂತ ಆ್ಯಂಟಿವೈರಸ್ ಕಂಡರೆ ಅನ್‌ಇನ್‌ಸ್ಟಾಲ್ ಮಾಡಿ; ಡಿಫೆಂಡರ್ ತಾನಾಗಿ ಮರಳಿ ಬರುತ್ತದೆ.

ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್

2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ, ಫೈಲುಗಳನ್ನು ತೆರೆಯಲಾಗದಂತೆ ಬೀಗ ಹಾಕಿ (ಎನ್‌ಕ್ರಿಪ್ಟ್ ಮಾಡಿ) ಹಣ ಕೇಳುವ ರ‍್ಯಾನ್ಸಮ್‌ವೇರ್ ಜಗತ್ತಿನುದ್ದಕ್ಕೂ ಹಬ್ಬಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಲ್ಲಿ ಈ ಸೌಲಭ್ಯ ಸೇರಿತು. ಇದರ ತತ್ವ ಸರಳ: ಡಾಕ್ಯುಮೆಂಟ್ಸ್, ಪಿಕ್ಚರ್ಸ್, ವಿಡಿಯೋಸ್, ಮ್ಯೂಸಿಕ್‌ನಂಥ ಫೋಲ್ಡರುಗಳಲ್ಲಿ ನಂಬಿಕಸ್ಥ ಪ್ರೋಗ್ರಾಮುಗಳು ಮಾತ್ರ ಬರೆಯಬಹುದು, ಬದಲಿಸಬಹುದು, ಅಳಿಸಬಹುದು. ಉಳಿದವು ಬಾಗಿಲಲ್ಲೇ ನಿಲ್ಲುತ್ತವೆ. ಪಟ್ಟಿಯಲ್ಲಿಲ್ಲದ ರ‍್ಯಾನ್ಸಮ್‌ವೇರ್ ಮೊದಲಿನ ಎಲ್ಲ ಪದರಗಳನ್ನು ದಾಟಿ ಓಡತೊಡಗಿದರೂ ಮಗುವಿನ ಫೋಟೋಗಳನ್ನು ಎನ್‌ಕ್ರಿಪ್ಟ್ ಮಾಡಲು ಹೋದಾಗ ಇಲ್ಲಿ ತಡೆ ಬೀಳುತ್ತದೆ.

ಆನ್ ಮಾಡುವ ದಾರಿ: ವಿಂಡೋಸ್ ಸೆಕ್ಯೂರಿಟಿ, ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್, ತಳದಲ್ಲಿ "ಮ್ಯಾನೇಜ್ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್", ಅಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಸ್ವಿಚ್. ಅಡ್ಮಿನ್ ಒಪ್ಪಿಗೆ ಕೇಳುತ್ತದೆ. ಆನ್ ಆದ ಮೇಲೆ ಮೂರು ಕೊಂಡಿಗಳು ಕಾಣುತ್ತವೆ: ತಡೆದದ್ದರ ಇತಿಹಾಸ, ರಕ್ಷಿತ ಫೋಲ್ಡರುಗಳು, ಅನುಮತಿ ಪಡೆದ ಪ್ರೋಗ್ರಾಮುಗಳು.

"ಪ್ರೊಟೆಕ್ಟೆಡ್ ಫೋಲ್ಡರ್ಸ್" ತೆರೆದು ನಿಮ್ಮ ಕೆಲಸದ ಫೋಲ್ಡರುಗಳನ್ನು ಸೇರಿಸಿ. ನಮ್ಮಲ್ಲಿ ಬಹಳ ಮಂದಿ ಮುಖ್ಯ ಫೈಲುಗಳನ್ನು ಡಿ ಡ್ರೈವ್‌ನಲ್ಲಿ ಇಡುತ್ತಾರೆ. ಅದು ತಾನಾಗಿ ರಕ್ಷಿತ ಪಟ್ಟಿಗೆ ಬರುವುದಿಲ್ಲ. ಟ್ಯಾಲಿ ಬಳಸುವವರು ಡೇಟಾ ಎಲ್ಲಿ ಕೂತಿದೆ ಎಂದು ಟ್ಯಾಲಿಯೊಳಗೇ ನೋಡಿಕೊಂಡು ಆ ಫೋಲ್ಡರನ್ನೂ, ಅದರ ಬ್ಯಾಕಪ್ ಫೋಲ್ಡರನ್ನೂ ಸೇರಿಸಬೇಕು. ಇಡೀ ಡ್ರೈವನ್ನು ಸೇರಿಸುವ ಆಸೆ ಬೇಡ. ಪ್ರೋಗ್ರಾಮುಗಳು ತಾತ್ಕಾಲಿಕ ಫೈಲ್ ಬರೆಯುವ ಜಾಗಗಳೂ ಅದರೊಳಗೆ ಬಂದು ದಿನವಿಡೀ ಸೂಚನೆಗಳು ಸುರಿಯುತ್ತವೆ, ಎರಡೇ ದಿನಕ್ಕೆ ಬೇಸತ್ತು ಇಡೀ ರಕ್ಷಣೆಯನ್ನೇ ಆಫ್ ಮಾಡುತ್ತೀರಿ.

ಆನ್ ಮಾಡಿದ ಮೊದಲ ವಾರ ಕಿರಿಕಿರಿ ಇದ್ದದ್ದೇ. ಡೆಸ್ಕ್‌ಟಾಪ್ ಕೂಡ ರಕ್ಷಿತ ಪಟ್ಟಿಯಲ್ಲಿದ್ದರೆ, ಹೊಸ ಸಾಫ್ಟ್‌ವೇರ್ ಹಾಕುವಾಗ ಅದರ ಮೇಲೆ ಶಾರ್ಟ್‌ಕಟ್ ಇಡಲಾಗಲಿಲ್ಲ ಎಂಬ ತಪ್ಪು ಬರಬಹುದು. ಡಾಕ್ಯುಮೆಂಟ್ಸ್ ಒಳಗೆ ಸೇವ್ ಮಾಡುವ ಆಟಗಳು ಪ್ರಗತಿ ಉಳಿಸದೆ ಹೋಗಬಹುದು. ಪೈಥಾನ್ ಕಲಿಯುವವರಿಗೆ ತಮ್ಮದೇ ಫೋಲ್ಡರಿನಲ್ಲಿ "ಪರ್ಮಿಷನ್ ಎರರ್" ಕಾಣಬಹುದು. ತಡೆ ಬಿದ್ದದ್ದು ಡಿಫೆಂಡರ್‌ನಿಂದ ಎಂದು ಎಷ್ಟೋ ಪ್ರೋಗ್ರಾಮುಗಳಿಗೆ ಗೊತ್ತಾಗುವುದಿಲ್ಲ. "ಫೈಲ್ ಸಿಗಲಿಲ್ಲ", "ಡಿಸ್ಕ್ ಬರೆಯಲಾಗದು" ಎಂದು ಏನೋ ಹೇಳುತ್ತವೆ. ಅಂಥ ವಿಚಿತ್ರ ತಪ್ಪು ಕಂಡಾಗ ಮೊದಲು "ಪ್ರೊಟೆಕ್ಷನ್ ಹಿಸ್ಟರಿ" ತೆರೆಯಿರಿ. ಹೆಚ್ಚು ವಿವರ ಬೇಕಿದ್ದರೆ ಇವೆಂಟ್ ವ್ಯೂವರ್‌ನಲ್ಲಿ ಅಪ್ಲಿಕೇಷನ್ಸ್ ಆ್ಯಂಡ್ ಸರ್ವೀಸಸ್ ಲಾಗ್ಸ್, ಮೈಕ್ರೋಸಾಫ್ಟ್, ವಿಂಡೋಸ್, ವಿಂಡೋಸ್ ಡಿಫೆಂಡರ್, ಆಪರೇಷನಲ್ ಎಂದು ಇಳಿದು 1123 ಸಂಖ್ಯೆಯ ದಾಖಲೆ ನೋಡಿ. ಯಾವ ಪ್ರೋಗ್ರಾಮ್, ಯಾವ ಜಾಗದಿಂದ, ಯಾವ ಫೈಲನ್ನು ಮುಟ್ಟಲು ಹೋಯಿತು ಎಂಬುದೆಲ್ಲ ಅಲ್ಲಿರುತ್ತದೆ.

ಕಚೇರಿಯ ಹತ್ತಾರು ಕಂಪ್ಯೂಟರುಗಳಿಗೆ ಒಮ್ಮೆಲೇ ತಡೆ ಹಾಕಬೇಡಿ. ವಿಂಡೋಸ್ ಪ್ರೊ ಇದ್ದರೆ ಗ್ರೂಪ್ ಪಾಲಿಸಿ ಎಡಿಟರಿನಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಎಕ್ಸ್‌ಪ್ಲಾಯ್ಟ್ ಗಾರ್ಡ್ ಕೆಳಗೆ ಇದೇ ಸೌಲಭ್ಯವನ್ನು "ಆಡಿಟ್ ಮೋಡ್"ನಲ್ಲಿ ಇಡಬಹುದು. ಆಗ ಏನನ್ನೂ ತಡೆಯದೆ, ತಡೆಯುವಂತಿದ್ದದ್ದನ್ನು 1124 ಸಂಖ್ಯೆಯಲ್ಲಿ ಬರೆದಿಡುತ್ತದೆ. ತಿಂಗಳ ಕೊನೆಯ ಲೆಕ್ಕಪತ್ರ, ಜಿಎಸ್‌ಟಿ ರಿಟರ್ನ್ಸ್ ಎಲ್ಲ ಒಂದು ಸುತ್ತು ಮುಗಿಯುವವರೆಗೆ ಹಾಗೇ ಬಿಟ್ಟು, ಲಾಗ್ ನೋಡಿ, ಬೇಕಾದವಕ್ಕೆ ಅನುಮತಿ ಕೊಟ್ಟು ಆಮೇಲೆ ತಡೆ ಶುರು ಮಾಡಿ.

ನೋಟ್‌ಪ್ಯಾಡ್‌ನಲ್ಲಿ ಬರೆದು ಡಾಕ್ಯುಮೆಂಟ್ಸ್‌ಗೆ ಸೇವ್ ಮಾಡಿ, "ಆಯಿತಲ್ಲ, ಹಾಗಾದರೆ ರಕ್ಷಣೆ ಕೆಲಸ ಮಾಡುತ್ತಿಲ್ಲ" ಎಂದುಕೊಳ್ಳುವವರಿದ್ದಾರೆ. ನೋಟ್‌ಪ್ಯಾಡ್ ನಂಬಿಕಸ್ಥರ ಪಟ್ಟಿಯಲ್ಲಿದೆ, ಅದನ್ನು ತಡೆಯಬೇಕಾಗಿಯೇ ಇಲ್ಲ.

ಇದರ ಮಿತಿ ಎರಡು. ಇದು ಬರೆಯುವುದನ್ನು ತಡೆಯುತ್ತದೆ, ಓದುವುದನ್ನಲ್ಲ. ನಿಮ್ಮ ಫೈಲುಗಳನ್ನು ಕದ್ದು ಹೊರಗೆ ಕಳಿಸುವ ಮಾಲ್‌ವೇರ್ ಇದಕ್ಕೆ ಸಿಕ್ಕುವುದಿಲ್ಲ. ಎರಡನೆಯದು, ವರ್ಡ್, ಎಕ್ಸೆಲ್ ನಂಬಿಕಸ್ಥ ಪ್ರೋಗ್ರಾಮುಗಳು, ಹಾಗಾಗಿ ಅವುಗಳೊಳಗೆ ಓಡುವ ಮ್ಯಾಕ್ರೋ (ಫೈಲಿನ ಜೊತೆಗೇ ಬರುವ ಸಣ್ಣ ಪ್ರೋಗ್ರಾಮ್) ಕೂಡ ಅವುಗಳ ನೆರಳಲ್ಲೇ ಒಳಗೆ ಬರುತ್ತದೆ. ಇಂಟರ್‌ನೆಟ್ಟಿನಿಂದ ಬಂದ ಆಫೀಸ್ ಫೈಲುಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ 2022ರಿಂದ ಮೊದಲೇ ತಡೆದಿಟ್ಟಿದೆ. ಆ ಕೆಂಪು ಪಟ್ಟಿ ಕಂಡಾಗ ಪ್ರಾಪರ್ಟೀಸ್‌ಗೆ ಹೋಗಿ ಅನ್‌ಬ್ಲಾಕ್ ಮಾಡಿ ಎಂದು ಯಾರಾದರೂ ಫೋನಿನಲ್ಲಿ ಹೇಳಿಕೊಟ್ಟರೆ, ಹೇಳಿದವರು ಯಾರು ಎಂದು ಮೊದಲು ಖಚಿತಪಡಿಸಿಕೊಳ್ಳಿ.

ಅನುಮತಿ ಕೊಡುವ ಮುನ್ನ

ಇಡೀ ವ್ಯವಸ್ಥೆ ನಿಂತಿರುವುದೂ ಬೀಳುವುದೂ ಈ ಹೆಜ್ಜೆಯಲ್ಲಿ. "ಆ್ಯಡ್ ಆ್ಯನ್ ಅಲೌಡ್ ಆ್ಯಪ್" ಒತ್ತಿ "ರೀಸೆಂಟ್ಲಿ ಬ್ಲಾಕ್ಡ್ ಆ್ಯಪ್ಸ್"ನಿಂದ ಆರಿಸುವುದು ಎರಡು ಕ್ಲಿಕ್ಕಿನ ಕೆಲಸ. ಅದಕ್ಕೂ ಮೊದಲು ಪ್ರೋಗ್ರಾಮ್ ಇರುವ ಜಾಗ ನೋಡಿ. ಪ್ರೋಗ್ರಾಮ್ ಫೈಲ್ಸ್ ಒಳಗಿದ್ದರೆ ಅಲ್ಲಿಗೆ ಬರೆಯಲು ಅಡ್ಮಿನ್ ಅಧಿಕಾರ ಬೇಕಾಗಿತ್ತು. ಟೆಂಪ್, ಆ್ಯಪ್‌ಡೇಟಾ, ಡೌನ್‌ಲೋಡ್ಸ್ ಒಳಗಿದ್ದರೆ ಯಾರು ಬೇಕಾದರೂ ಇಟ್ಟಿರಬಹುದು. ವಿಂಡೋಸ್‌ನದೇ ಪ್ರೋಗ್ರಾಮಿನ ಹೆಸರಿಟ್ಟುಕೊಂಡು ಆ್ಯಪ್‌ಡೇಟಾದಲ್ಲಿ ಕೂತಿರುವುದು ಕಂಡರೆ ಅದು ಮಾಲ್‌ವೇರ್ ಎಂದೇ ಹಿಡಿಯಬಹುದು. ಅನುಮತಿ ಅಂಟುವುದು ಫೈಲಿನ ಜಾಗಕ್ಕೆ ಎಂಬುದೂ ನೆನಪಿರಲಿ: ಡೌನ್‌ಲೋಡ್ಸ್ ಒಳಗಿನ ಪ್ರೋಗ್ರಾಮಿಗೆ ಅನುಮತಿ ಕೊಟ್ಟರೆ, ನಾಳೆ ಅದೇ ಹೆಸರಿನಲ್ಲಿ ಬೇರೊಂದು ಫೈಲ್ ಅಲ್ಲಿ ಬಂದು ಕೂರುವ ದಾರಿ ತೆರೆದಿಟ್ಟಂತೆ.

ನಂತರ ರೈಟ್ ಕ್ಲಿಕ್, ಪ್ರಾಪರ್ಟೀಸ್, "ಡಿಜಿಟಲ್ ಸಿಗ್ನೇಚರ್ಸ್" ಟ್ಯಾಬ್. ಟ್ಯಾಬೇ ಇಲ್ಲದಿದ್ದರೆ ಬಹುಮಟ್ಟಿಗೆ ಸಹಿ ಇಲ್ಲ. ಇದ್ದರೆ "ಡೀಟೇಲ್ಸ್" ಒತ್ತಿ ಸಹಿ ಸರಿಯಾಗಿದೆ ಎಂಬ ಸಾಲನ್ನೂ, ಸಹಿ ಹಾಕಿದವರ ಹೆಸರನ್ನೂ ಓದಿ. ಕದ್ದ ಸಹಿಗಳೂ ಇರುತ್ತವೆ, ಆದ್ದರಿಂದ ಸಹಿಯೊಂದೇ ಸಾಕ್ಷಿಯಲ್ಲ. ಫೈಲನ್ನು ವೈರಸ್‌ಟೋಟಲ್ ತಾಣಕ್ಕೆ ಹಾಕಿದರೆ ಹತ್ತಾರು ಆ್ಯಂಟಿವೈರಸ್ ಎಂಜಿನ್‌ಗಳ ಅಭಿಪ್ರಾಯ ಒಟ್ಟಿಗೆ ಸಿಗುತ್ತದೆ. ಅಲ್ಲಿಗೆ ಇನ್‌ಸ್ಟಾಲರ್ ಹಾಕಿ, ಸ್ವಂತ ದಾಖಲೆಗಳನ್ನು ಹಾಕಬೇಡಿ. ಅಲ್ಲಿ ಹಾಕಿದ ಫೈಲುಗಳು ಭದ್ರತಾ ಸಂಸ್ಥೆಗಳಿಗೆ ಸಿಗುತ್ತವೆ.

ಪವರ್‌ಶೆಲ್, ಕಮಾಂಡ್ ಪ್ರಾಂಪ್ಟ್, ಪೈಥಾನ್, ಜಾವಾ ಇವುಗಳಿಗೆ ಅನುಮತಿ ಕೊಡಲೇಬೇಡಿ. ಅನುಮತಿ ಸಿಗುವುದು ನಿಮ್ಮ ಸ್ಕ್ರಿಪ್ಟಿಗೆ ಅಲ್ಲ, ಅದನ್ನು ಓಡಿಸುವ ಪ್ರೋಗ್ರಾಮಿಗೆ. ನಿಮ್ಮ ಹತ್ತು ಸಾಲಿನ ಪೈಥಾನ್ ಕೋಡಿಗೆಂದು ತೆರೆದ ಬಾಗಿಲಿನಲ್ಲಿ ಪೈಥಾನ್‌ನಲ್ಲಿ ಬರೆದ ಯಾವ ಮಾಲ್‌ವೇರಾದರೂ ಬರಬಹುದು. ಕೋಡ್ ಕಲಿಯುವವರು ರಕ್ಷಿತ ಪಟ್ಟಿಯ ಹೊರಗೆ ಒಂದು ಫೋಲ್ಡರ್ ಮಾಡಿಕೊಂಡು ಅಲ್ಲೇ ಕೆಲಸ ಮಾಡಿದರೆ ತೊಂದರೆಯೇ ಇಲ್ಲ.

ನುಡಿಯಂಥ ಕನ್ನಡ ಕೀಲಿಮಣೆ ಸಾಫ್ಟ್‌ವೇರುಗಳ ಬಗ್ಗೆ ಒಂದು ಮಾತು. ಒತ್ತಿದ ಕೀಲಿಯನ್ನು ನಡುವೆ ಹಿಡಿದು ಕನ್ನಡ ಅಕ್ಷರವಾಗಿ ಬದಲಿಸುವುದು ಇಂಥವುಗಳ ಕೆಲಸ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಕೀಲಿಯನ್ನು ಹಾಗೆಯೇ ಹಿಡಿಯುತ್ತದೆ, ಆದ್ದರಿಂದ ಆ್ಯಂಟಿವೈರಸ್ಸಿಗೆ ಅನುಮಾನ ಬಂದರೆ ಅಚ್ಚರಿಯಿಲ್ಲ. ಮೂಲ ತಯಾರಕರ ತಾಣದಿಂದಲೇ ಇಳಿಸಿಕೊಂಡದ್ದಾದರೆ ಅನುಮತಿ ಕೊಡಿ. ಟೆಲಿಗ್ರಾಂ ಗುಂಪಿನಲ್ಲಿ ಸಿಕ್ಕ ಪ್ರತಿಗೆ ಕೊಡಬೇಡಿ. ಯೂನಿಕೋಡ್ ಸಾಕೆನ್ನುವವರಿಗೆ 2019ರ ಮೇ ಅಪ್‌ಡೇಟಿನಿಂದ ವಿಂಡೋಸ್‌ನಲ್ಲೇ ಕನ್ನಡ ಫೊನೆಟಿಕ್ ಕೀಲಿಮಣೆ ಇದೆ. ಬೆರಳಚ್ಚು ಸಾಧನದ ಆರ್‌ಡಿ ಸರ್ವಿಸ್, ಡಿಜಿಟಲ್ ಸಹಿ ಟೋಕನ್‌ನ ಡ್ರೈವರ್ ಹಾಕಿಕೊಳ್ಳುವ ಸೇವಾ ಕೇಂದ್ರದವರಿಗೂ ಇದೇ ಮಾತು.

ಇನ್‌ಸ್ಟಾಲ್ ಮಾಡುವ ವಿಧಾನದ ಮೊದಲ ಹೆಜ್ಜೆಯೇ "ಆ್ಯಂಟಿವೈರಸ್ ಆಫ್ ಮಾಡಿ" ಎಂದಿದ್ದರೆ ಅಲ್ಲಿಗೆ ಬಿಟ್ಟುಬಿಡಿ. ಕ್ರ್ಯಾಕ್ ಮಾಡಿದ ಆಫೀಸ್, ಫೋಟೋಶಾಪ್, ಆ್ಯಕ್ಟಿವೇಟರುಗಳ ಜೊತೆ ಈ ಸೂಚನೆ ಬಂದೇ ಬರುತ್ತದೆ. ಇಷ್ಟು ಹೊತ್ತು ಕಟ್ಟಿದ ಎಲ್ಲ ಪದರಗಳನ್ನು ನಿಮ್ಮ ಕೈಯಿಂದಲೇ ಕಳಚಿಸುವ ಉಪಾಯ ಅದು.

ದಿನದ ಕೆಲಸಕ್ಕೆ ಸಾದಾ ಖಾತೆ

ಹೊಸ ಲ್ಯಾಪ್‌ಟಾಪಿನಲ್ಲಿ ಮೊದಲು ಮಾಡಿದ ಖಾತೆ ಅಡ್ಮಿನ್ ಆಗಿರುತ್ತದೆ. ಅದರಲ್ಲೇ ದಿನವಿಡೀ ಕೆಲಸ ಮಾಡಿದರೆ, "ಯೆಸ್" ಎಂದು ಒಂದು ಸಲ ಒತ್ತಿದ್ದೇ ಮಾಲ್‌ವೇರಿಗೆ ಪೂರ್ಣಾಧಿಕಾರ. ಸಾದಾ ಖಾತೆಯಲ್ಲಾದರೆ ಅಡ್ಮಿನ್ ಪಾಸ್‌ವರ್ಡ್ ಹಾಕಬೇಕು, ಆ ತಡೆ ಒಂದು ಕ್ಷಣ ಯೋಚಿಸುವಂತೆ ಮಾಡುತ್ತದೆ.

ಬದಲಿಸುವಾಗ ಕ್ರಮ ತಪ್ಪಬಾರದು. ಸೆಟ್ಟಿಂಗ್ಸ್, ಅಕೌಂಟ್ಸ್, "ಅದರ್ ಯೂಸರ್ಸ್"ನಲ್ಲಿ ಮೊದಲು ಹೊಸ ಖಾತೆ ಮಾಡಿ, "ಚೇಂಜ್ ಅಕೌಂಟ್ ಟೈಪ್" ಒತ್ತಿ ಅದನ್ನು ಅಡ್ಮಿನಿಸ್ಟ್ರೇಟರ್ ಮಾಡಿ. ಸೈನ್ ಔಟ್ ಆಗಿ ಆ ಹೊಸ ಖಾತೆಗೆ ಒಮ್ಮೆ ಒಳಹೋಗಿ ಪಾಸ್‌ವರ್ಡ್ ಸರಿಯಿದೆ ಎಂದು ಖಚಿತಪಡಿಸಿಕೊಳ್ಳಿ. ಅಲ್ಲಿಂದಲೇ ನಿಮ್ಮ ಹಳೆಯ ಖಾತೆಯನ್ನು "ಸ್ಟ್ಯಾಂಡರ್ಡ್ ಯೂಸರ್" ಮಾಡಿ. ನಿಮ್ಮ ಫೈಲು, ಪ್ರೋಗ್ರಾಮು ಎಲ್ಲ ಹಳೆಯ ಖಾತೆಯಲ್ಲೇ ಉಳಿಯುತ್ತವೆ. ಅಡ್ಮಿನ್ ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು ಭದ್ರವಾಗಿಡಿ. ಒಂದೇ ಕಂಪ್ಯೂಟರನ್ನು ಮನೆಮಂದಿಯೆಲ್ಲ ಬಳಸುವಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಫಲ ಕೊಡುವ ಬದಲಾವಣೆ ಇನ್ನೊಂದಿಲ್ಲ.

ಸ್ಮಾರ್ಟ್ ಆ್ಯಪ್ ಕಂಟ್ರೋಲ್

ವಿಂಡೋಸ್ 11ರ 22ಎಚ್2 ಆವೃತ್ತಿಯಿಂದ ಇದೆ. ಹೆಸರು ಗೊತ್ತಿಲ್ಲದ, ಸಹಿಯಿಲ್ಲದ ಪ್ರೋಗ್ರಾಮ್ ಓಡುವುದೇ ಇಲ್ಲ, "ರನ್ ಎನಿವೇ" (ಆದರೂ ಓಡಿಸು) ಎಂಬ ಆಯ್ಕೆ ಕೂಡ ಇಲ್ಲ, ಒಂದೊಂದು ಪ್ರೋಗ್ರಾಮಿಗೆ ವಿನಾಯಿತಿ ಕೊಡುವ ದಾರಿಯೂ ಇಲ್ಲ. ಮೊದಲು "ಇವ್ಯಾಲ್ಯುಯೇಷನ್" ಸ್ಥಿತಿಯಲ್ಲಿದ್ದು ನಿಮ್ಮ ಬಳಕೆಗೆ ಹೊಂದುತ್ತದೆಯೇ ಎಂದು ನೋಡಿ ತಾನೇ ಆನ್ ಅಥವಾ ಆಫ್ ಆಗುತ್ತದೆ. ಬ್ರೌಸರ್, ಆಫೀಸ್, ಜೂಮ್ ಬಿಟ್ಟು ಬೇರೇನೂ ಬೇಡದ ಹಿರಿಯರ ಕಂಪ್ಯೂಟರಿಗೆ ಇದು ತುಂಬ ಒಳ್ಳೆಯದು. ಸ್ಥಳೀಯವಾಗಿ ಬರೆಸಿದ ಬಿಲ್ಲಿಂಗ್ ಸಾಫ್ಟ್‌ವೇರ್ ಬಳಸುವ ಅಂಗಡಿಗೆ ಹೊಂದದು. ಆನ್ ಆಗಿದ್ದರೆ ಸುಮ್ಮನೆ ಆಫ್ ಮಾಡಿ ನೋಡಬೇಡಿ. ಬಹುಕಾಲ ಇದನ್ನು ಮತ್ತೆ ಆನ್ ಮಾಡಲು ವಿಂಡೋಸನ್ನೇ ರೀಸೆಟ್ ಮಾಡಬೇಕಾಗಿತ್ತು.

ಅನುಮಾನ ಇದ್ದರೂ ತೆರೆಯಲೇಬೇಕಾದಾಗ

ವಿಂಡೋಸ್ ಪ್ರೊ ಇದ್ದರೆ ವಿಂಡೋಸ್ ಸ್ಯಾಂಡ್‌ಬಾಕ್ಸ್ ಬಳಸಿ. ಹೋಮ್ ಆವೃತ್ತಿಯಲ್ಲಿ ಇದಿಲ್ಲ. ಕನಿಷ್ಠ 4 ಜಿಬಿ ರ‍್ಯಾಮ್ ಎನ್ನುತ್ತಾರೆ, 8 ಇದ್ದರೇ ಸರಾಗ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಸಿಪಿಯು ಆರಿಸಿದಾಗ "ವರ್ಚುಯಲೈಸೇಷನ್: ಎನೇಬಲ್ಡ್" ಎಂದಿರಬೇಕು, ಇಲ್ಲದಿದ್ದರೆ ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ಸ್‌ನಲ್ಲಿ) ಆನ್ ಮಾಡಬೇಕು. ಆಮೇಲೆ "ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್" ತೆರೆದು ವಿಂಡೋಸ್ ಸ್ಯಾಂಡ್‌ಬಾಕ್ಸ್‌ಗೆ ಟಿಕ್ ಹಾಕಿ ರೀಸ್ಟಾರ್ಟ್ ಮಾಡಿ. ಸ್ಟಾರ್ಟ್ ಮೆನುವಿನಿಂದ ತೆರೆದರೆ ಖಾಲಿ ವಿಂಡೋಸ್ ಒಂದು ಕಿಟಕಿಯಲ್ಲಿ ಬರುತ್ತದೆ. ಫೈಲನ್ನು ಕಾಪಿ ಮಾಡಿ ಅಲ್ಲಿ ಪೇಸ್ಟ್ ಮಾಡಿ, ಓಡಿಸಿ ನೋಡಿ. ಕಿಟಕಿ ಮುಚ್ಚಿದರೆ ಒಳಗಿದ್ದದ್ದೆಲ್ಲ ಅಳಿಯುತ್ತದೆ.

ಸ್ಯಾಂಡ್‌ಬಾಕ್ಸಿಗೆ ಇಂಟರ್‌ನೆಟ್ಟೂ ಕ್ಲಿಪ್‌ಬೋರ್ಡೂ ಮೊದಲಿನಿಂದಲೇ ತೆರೆದಿರುತ್ತವೆ. ಒಳಗೆ ಬ್ಯಾಂಕು, ಇಮೇಲಿಗೆ ಲಾಗಿನ್ ಆಗಬೇಡಿ. ಅದು ತೆರೆದಿರುವಾಗ ಹೊರಗೆ ಪಾಸ್‌ವರ್ಡ್ ಕಾಪಿ ಮಾಡಬೇಡಿ. ಒಳಗೆ ಏನೂ ಆಗಲಿಲ್ಲ ಎಂದ ಮಾತ್ರಕ್ಕೆ ಪ್ರೋಗ್ರಾಮ್ ಶುದ್ಧ ಎಂದಲ್ಲ: ತಾನು ವರ್ಚುವಲ್ ಯಂತ್ರದಲ್ಲಿದ್ದೇನೆ ಎಂದು ಪತ್ತೆಹಚ್ಚಿ ಸುಮ್ಮನಿರುವ ಮಾಲ್‌ವೇರುಗಳಿವೆ.

ಬೇರೆ ಆ್ಯಂಟಿವೈರಸ್ಸುಗಳಲ್ಲೂ ಇದೇ ತತ್ವ ಬೇರೆ ರೂಪದಲ್ಲಿದೆ. ಕ್ಯಾಸ್ಪರ್‌ಸ್ಕಿ ಪ್ರತಿ ಪ್ರೋಗ್ರಾಮನ್ನೂ ನಾಲ್ಕು ಗುಂಪುಗಳಲ್ಲಿ ಒಂದಕ್ಕೆ ಹಾಕುತ್ತದೆ: ನಂಬಿಕಸ್ಥ, ಸ್ವಲ್ಪ ನಿರ್ಬಂಧ, ಹೆಚ್ಚು ನಿರ್ಬಂಧ, ನಂಬಿಕೆಯಿಲ್ಲದ್ದು. ಕೊನೆಯದು ಓಡುವುದೇ ಇಲ್ಲ. ಕೊಮೊಡೊ ಅಪರಿಚಿತ ಪ್ರೋಗ್ರಾಮನ್ನು ತಾನೇ ಒಂದು ಪ್ರತ್ಯೇಕ ಆವರಣದೊಳಗೆ ಓಡಿಸುತ್ತದೆ. ಅದು ಬರೆದ ಫೈಲುಗಳು ನಿಜವಾದ ಡಿಸ್ಕಿಗೆ ಹೋಗುವುದಿಲ್ಲ. ಇಲ್ಲೊಂದು ಅಪಾಯವಿದೆ. ಒಳ್ಳೆಯ ಪ್ರೋಗ್ರಾಮೇ ಆವರಣದಲ್ಲಿ ಸಿಕ್ಕಿಕೊಂಡಿದ್ದು, ನೀವು ಗಂಟೆಗಟ್ಟಲೆ ಕೆಲಸ ಮಾಡಿ ಸೇವ್ ಮಾಡಿದ್ದರೆ, ಆವರಣವನ್ನು ರೀಸೆಟ್ ಮಾಡಿದಾಗ ಅದೂ ಹೋಗುತ್ತದೆ. ಕಿಟಕಿಯ ಸುತ್ತ ಹಸಿರು ಅಂಚು ಕಂಡರೆ ಸೇವ್ ಮಾಡುವ ಮೊದಲು ಅದನ್ನು ಹೊರತರಬೇಕು.

ಓಡಿಬಿಟ್ಟಿದೆ ಎಂದು ಅನಿಸಿದರೆ

ಮೊದಲು ವೈಫೈ ಆಫ್ ಮಾಡಿ ಅಥವಾ ನೆಟ್ ಕೇಬಲ್ ಕೀಳಿ. ಬ್ಯಾಕಪ್ ಹಾರ್ಡ್ ಡಿಸ್ಕ್ ಸಿಕ್ಕಿಸಿದ್ದರೆ ಅದನ್ನೂ ತೆಗೆಯಿರಿ. ಸದಾ ಸಿಕ್ಕಿಸಿಯೇ ಇಟ್ಟ ಬ್ಯಾಕಪ್ ಡಿಸ್ಕನ್ನು ರ‍್ಯಾನ್ಸಮ್‌ವೇರ್ ಉಳಿದ ಡ್ರೈವುಗಳಂತೆಯೇ ಎನ್‌ಕ್ರಿಪ್ಟ್ ಮಾಡುತ್ತದೆ. ಪ್ರೊಟೆಕ್ಷನ್ ಹಿಸ್ಟರಿ, ಎಕ್ಸ್‌ಕ್ಲೂಷನ್ಸ್, ಅನುಮತಿ ಪಟ್ಟಿ ಮೂರನ್ನೂ ನೋಡಿ, ನೀವು ಸೇರಿಸದ್ದನ್ನು ಅಳಿಸಿ. ಆಮೇಲೆ "ಸ್ಕ್ಯಾನ್ ಆಪ್ಷನ್ಸ್"ನಲ್ಲಿ "ಮೈಕ್ರೋಸಾಫ್ಟ್ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್" ಆರಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಸುಮಾರು 15 ನಿಮಿಷ ಸ್ಕ್ಯಾನ್ ನಡೆಯುತ್ತದೆ. ಓಡುತ್ತಿರುವಾಗ ಅಡಗಿಕೊಳ್ಳುವ ಮಾಲ್‌ವೇರಿಗೆ ಆಗ ಅಡಗಲು ಅವಕಾಶ ಕಡಿಮೆ. ಡಿಸ್ಕಿಗೆ ಬೀಗ ಹಾಕಿಡುವ ಬಿಟ್‌ಲಾಕರ್ ಆನ್ ಇದ್ದರೆ ರಿಕವರಿ ಕೀಲಿ ಕೇಳಬಹುದು, ಕೈಯಲ್ಲಿಟ್ಟುಕೊಂಡೇ ಶುರು ಮಾಡಿ.

ಪಾಸ್‌ವರ್ಡುಗಳನ್ನು ಬೇರೆ ಸಾಧನದಿಂದ ಬದಲಿಸಿ, ಇಮೇಲಿನದ್ದು ಮೊದಲು, ಬ್ಯಾಂಕಿನದ್ದು ನಂತರ. ಪ್ರತಿ ಖಾತೆಯಲ್ಲೂ ಎಲ್ಲ ಸಾಧನಗಳಿಂದ ಲಾಗ್ ಔಟ್ ಮಾಡುವ ಆಯ್ಕೆಯನ್ನೂ ಒತ್ತಿ, ಏಕೆಂದರೆ ಕದ್ದ ಬ್ರೌಸರ್ ಕುಕಿ (ನೀವು ಲಾಗಿನ್ ಆಗಿರುವುದನ್ನು ನೆನಪಿಡುವ ಸಣ್ಣ ಫೈಲ್) ಇದ್ದರೆ ಪಾಸ್‌ವರ್ಡ್ ಇಲ್ಲದೆಯೂ ಒಳಗೆ ಬರಬಹುದು. ಹಣ ಹೋಗಿದ್ದರೆ ಸ್ಕ್ಯಾನ್ ಮುಗಿಯುವುದನ್ನು ಕಾಯಬೇಡಿ. ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಹಿಡಿಯುವ ಸಾಧ್ಯತೆ ಮೊದಲ ಗಂಟೆಗಳಲ್ಲೇ ಹೆಚ್ಚು.